ಊರಲ್ಲಿ 143 ದಿನ ಇದ್ದೆ, ದುಬೈ ಸಂಬಳಕ್ಕೆ ತೆರಿಗೆ ಬೀಳುತ್ತದಾ?

ಪ್ರಶ್ನೆ: ನನ್ನದು ಕುಂದಾಪುರದ ಹತ್ತಿರದ ಒಂದು ಹಳ್ಳಿ. 2014ರ ಸೆಪ್ಟೆಂಬರ್‌ನಲ್ಲಿ ದುಬೈಗೆ ಬಂದೆ. ಅಲ್ ಕೂಜ್‌ನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದೇನೆ. ಸಂಬಳ ತಿಂಗಳಿಗೆ 7,500 ದಿರಹಂ. ಕರಾಮಾದಲ್ಲಿ ಬೆಡ್ ಸ್ಪೇಸ್‌ನಲ್ಲಿದ್ದೇನೆ, ಹೆಂಡತಿ ಮಕ್ಕಳು ಊರಲ್ಲಿ. ಮುಂಚೆ ವರ್ಷಕ್ಕೆ 40-45 ದಿನ ಮಾತ್ರ ಊರಿಗೆ ಬರುತ್ತಿದ್ದೆ. 2025-26ರಲ್ಲಿ ಅಮ್ಮನ ಆಪರೇಷನ್ ಇದ್ದದ್ದರಿಂದ 143 ದಿನ ಇದ್ದೆ. 120 ದಿನ ದಾಟಿದರೆ ದುಬೈ ಸಂಬಳಕ್ಕೂ ಇಲ್ಲಿ ತೆರಿಗೆ ಕಟ್ಟಬೇಕು ಅಂತ ರೂಮಿನವರೊಬ್ಬರು ಹೇಳಿದರು. ಅವತ್ತಿಂದ ನಿದ್ದೆ ಇಲ್ಲ. ಉಡುಪಿಯ ಫ್ಲಾಟಿನಿಂದ ತಿಂಗಳಿಗೆ 14,000 ರೂಪಾಯಿ ಬಾಡಿಗೆ ಬರುತ್ತದೆ, ಎಫ್‌ಡಿ ಬಡ್ಡಿ ವರ್ಷಕ್ಕೆ ಸುಮಾರು 95,000. ದುಡ್ಡೆಲ್ಲಾ ಹೋಗುವುದು ನಾನು ಊರಲ್ಲಿದ್ದಾಗ ಮಾಡಿಸಿದ ಹಳೇ ಉಳಿತಾಯ ಖಾತೆಗೆ. ಬ್ಯಾಂಕಿನವರು ಈಗ ಅದು ತಪ್ಪು ಅನ್ನುತ್ತಿದ್ದಾರೆ. ಬ್ಯಾಂಕ್ ಬಿಟ್ಟು ಏಜೆಂಟರ ಕೈಯಲ್ಲಿ, ಅಂದರೆ ಹುಂಡಿಯಲ್ಲಿ ಕಳಿಸಿದರೆ ದಿರಹಂಗೆ 30 ಪೈಸೆ ಜಾಸ್ತಿ ಸಿಗುತ್ತದೆ ಅಂತ ಒಬ್ಬರು ಕರೆಯುತ್ತಿದ್ದಾರೆ. ಇನ್ನೊಂದು ವರ್ಷದಲ್ಲಿ ಕೆಲಸ ಬಿಟ್ಟು ಬಂದು, ಆಗ ಕಂಪನಿ ಕೊಡುವ ಗ್ರಾಚ್ಯುಟಿ ದುಡ್ಡಲ್ಲಿ ಮನೆ ಪಕ್ಕದ 50 ಸೆಂಟ್ಸ್ ತೋಟ ತಗೊಳ್ಳೋಣ ಅಂತಿದ್ದೇನೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ನಿದ್ದೆಯ ವಿಷಯ. ನಿಮ್ಮ ದುಬೈ ಸಂಬಳಕ್ಕೆ ಭಾರತದಲ್ಲಿ ತೆರಿಗೆ ಬೀಳುವುದಿಲ್ಲ. 143 ದಿನ ಇದ್ದದ್ದರಿಂದ ಏನೂ ಕೆಟ್ಟಿಲ್ಲ. ಅಮ್ಮನ ಹತ್ತಿರ ಇದ್ದಿರಿ, ಅದು ಆಗಬೇಕಾದ ಕೆಲಸವೇ.

ಆದರೆ ನೀವು ಗಾಬರಿಯಾಗದೆ ಕೇಳಿದ ಎರಡು ಮೂರು ವಿಷಯಗಳಲ್ಲಿ ನಿಜವಾದ ತೊಂದರೆ ಇದೆ. ನನ್ನ ಆಫೀಸಿಗೆ ಬರುವ ಗಲ್ಫ್ ಮಂದಿಯಲ್ಲಿ ಹೆಚ್ಚಿನವರದ್ದು ಇದೇ ಕಥೆ. ಬರದ ತೆರಿಗೆಗೆ ಹೆದರುತ್ತಾರೆ. ಖಾತೆ, ಬೇಸಿಕ್ ಸಂಬಳ (ಭತ್ಯೆ ಬಿಟ್ಟ ಮೂಲ ಸಂಬಳ), ಕಾಗದಪತ್ರ, ಇವುಗಳಲ್ಲಿ ದುಡ್ಡು ಸೋರಿಹೋಗುತ್ತಿರುವುದು ಗೊತ್ತೇ ಆಗುವುದಿಲ್ಲ.

ಈ 120 ದಿನದ ಮಾತು ಎಲ್ಲಿಂದ ಬಂತು ಅಂತ ಹೇಳುತ್ತೇನೆ. 2020ರ ಫೆಬ್ರವರಿ 1ರ ಬಜೆಟ್‌ನಲ್ಲಿ, ಊರಿಗೆ ಬಂದುಹೋಗುವ ಅನಿವಾಸಿಗಳಿಗೆ ಇದ್ದ 182 ದಿನದ ಮಿತಿಯನ್ನು 120ಕ್ಕೆ ಇಳಿಸುವ ಪ್ರಸ್ತಾಪ ಇತ್ತು. ಬೇರೆ ಯಾವ ದೇಶದಲ್ಲೂ ತೆರಿಗೆ ಕಟ್ಟದ ಭಾರತೀಯರನ್ನು ಇಲ್ಲಿನ ನಿವಾಸಿ ಅಂತಲೇ ಲೆಕ್ಕ ಹಿಡಿಯುವ ಇನ್ನೊಂದು ಮಾತೂ ಇತ್ತು. ಗಲ್ಫ್‌ನಲ್ಲಿ ದೊಡ್ಡ ಗುಲ್ಲಾಯಿತು. ಅಲ್ಲಿ ದುಡಿದು ತಿನ್ನುವವರ ಸಂಬಳಕ್ಕೆ ಕೈ ಹಾಕುವುದಿಲ್ಲ ಅಂತ ಮಾರನೆಯ ದಿನವೇ ಸರ್ಕಾರ ಸ್ಪಷ್ಟನೆ ಕೊಟ್ಟಿತು. ಕೊನೆಗೆ ಕಾನೂನಾದಾಗ ಎರಡಕ್ಕೂ ಒಂದು ಷರತ್ತು ಸೇರಿತು: ಭಾರತದಲ್ಲಿ ಹುಟ್ಟುವ ಆದಾಯ ವರ್ಷಕ್ಕೆ 15 ಲಕ್ಷ ರೂಪಾಯಿ ದಾಟಿರಬೇಕು. ಗುಲ್ಲು ನೆನಪಲ್ಲಿ ಉಳಿಯಿತು, ಷರತ್ತು ಯಾರಿಗೂ ನೆನಪಿಲ್ಲ.

ನಿಮ್ಮ ಲೆಕ್ಕ ನೋಡಿ. ಬಾಡಿಗೆ ವರ್ಷಕ್ಕೆ 1,68,000. ಅದರಲ್ಲಿ ಶೇ. 30 ಕಳೆಯಲು ಕಾನೂನೇ ಬಿಡುತ್ತದೆ, ಉಳಿಯುವುದು 1,17,600. ಬಡ್ಡಿ 95,000. ಒಟ್ಟು 2,12,600. ಎಲ್ಲಿಯ 15 ಲಕ್ಷ, ಅಲ್ವಾ? ಹಾಗಾಗಿ ನಿಮಗೆ ಹಳೇ 182 ದಿನದ ಲೆಕ್ಕವೇ. 143 ದಿನಕ್ಕೆ ನೀವು ಪೂರ್ತಿ ಅನಿವಾಸಿ.

ಒಂದು ವೇಳೆ 182 ದಾಟಿದ್ದರೂ ಆಕಾಶ ಬೀಳುತ್ತಿರಲಿಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರಿಗೆ ನಡುವಿನ ಒಂದು ಸ್ಥಾನ ಇದೆ. ನಿವಾಸಿ ಹೌದು, ಆದರೆ ಸಾಮಾನ್ಯ ನಿವಾಸಿ ಅಲ್ಲ. ನಾವು ಆರ್‌ಎನ್‌ಒಆರ್ ಅನ್ನುತ್ತೇವೆ. ಆ ಸ್ಥಾನದಲ್ಲಿದ್ದಾಗಲೂ ಹೊರದೇಶದಲ್ಲಿ ದುಡಿದು ಅಲ್ಲೇ ಕೈಗೆ ಬಂದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಕಲಮಿನ ನಂಬರ್ ಬರೆಯುತ್ತಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ನಂಬರ್‌ಗಳೆಲ್ಲಾ ಬದಲಾಗಿವೆ. ದಿನದ ಲೆಕ್ಕ ಮಾತ್ರ ಅದೇ ಇದೆ.

"ಅಲ್ಲೇ ಕೈಗೆ ಬಂದ" ಅಂದೆನಲ್ಲ, ಆ ಮಾತು ಗಮನಿಸಿ. ಸಂಬಳ ಮೊದಲು ದುಬೈ ಖಾತೆಗೆ ಬೀಳಬೇಕು. ಆಮೇಲೆ ಊರಿಗೆ ಎಷ್ಟು ಬೇಕಾದರೂ ಕಳಿಸಿ, ತೆರಿಗೆ ಇಲ್ಲ. ಕಂಪನಿಯೇ ನೇರವಾಗಿ ಊರಿನ ಖಾತೆಗೆ ಸಂಬಳ ಹಾಕಿದರೆ, ಅದು ಭಾರತದಲ್ಲಿ ಮೊದಲು ಸಿಕ್ಕ ದುಡ್ಡು ಅಂತಾಗಿ ತೆರಿಗೆಯ ಪ್ರಶ್ನೆ ಏಳುತ್ತದೆ. ಅದೇ ರೀತಿ, ಊರಿಗೆ ಬಂದಾಗ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಂಪನಿ ಕೆಲಸ ಮಾಡಿದರೆ ಆ ದಿನಗಳ ಸಂಬಳದ ಕಥೆ ಬೇರೆ. ನಿಮ್ಮದು ಗೋದಾಮಿನ ಕೆಲಸ, ಆ ಚಿಂತೆ ನಿಮಗಿಲ್ಲ. ಆಫೀಸ್ ಕೆಲಸದ ಗೆಳೆಯರಿದ್ದರೆ ಹೇಳಿ.

ದಿನದ ಲೆಕ್ಕಕ್ಕೆ ಸಾಕ್ಷಿ ಇಟ್ಟುಕೊಳ್ಳಿ. ಒಬ್ಬರು ನನ್ನ ಮೇಜಿನ ಮೇಲೆ ಒಂದು ಕಟ್ಟು ಬೋರ್ಡಿಂಗ್ ಪಾಸ್ ಹರಡಿದ್ದರು. ಆರು ವರ್ಷದಿಂದ ಜೋಪಾನವಾಗಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟದ್ದು. ಒಂದೊಂದಾಗಿ ಎತ್ತಿ ನೋಡಿದರೆ ಮುಕ್ಕಾಲು ಪಾಲು ಖಾಲಿ ಬಿಳಿ ಕಾಗದ. ಅದು ಬಿಸಿಯಿಂದ ಅಕ್ಷರ ಮೂಡಿಸುವ ಕಾಗದ, ಕಾಲ ಕಳೆದಂತೆ ಮಾಸಿ ಹೋಗುತ್ತದೆ. ವಿಮಾನ ಇಳಿದ ದಿನವೇ ಮೊಬೈಲಿನಲ್ಲಿ ಪಾಸಿನದ್ದೂ ಪಾಸ್‌ಪೋರ್ಟಿನ ಸ್ಟ್ಯಾಂಪ್‌ನದ್ದೂ ಫೋಟೋ ತೆಗೆದಿಡಿ. ದುಬೈಯಲ್ಲಿ ಸ್ಮಾರ್ಟ್ ಗೇಟ್‌ನಲ್ಲಿ ಹೋದರೆ ಸ್ಟ್ಯಾಂಪೇ ಬೀಳುವುದಿಲ್ಲ, ಬಜ್ಪೆ ವಿಮಾನ ನಿಲ್ದಾಣದಲ್ಲಿ ಬಿದ್ದದ್ದೇ ನಿಮ್ಮ ದಾಖಲೆ. ಎಣಿಸುವಾಗ ಬಂದ ದಿನ, ಹೋದ ದಿನ ಎರಡನ್ನೂ ಊರಿನ ಲೆಕ್ಕಕ್ಕೇ ಹಾಕಿ. ಆಗ ಯಾರೂ ತಕರಾರು ಮಾಡುವಂತಿಲ್ಲ.

ಈಗ ಖಾತೆ. ಇಲ್ಲಿ ಬ್ಯಾಂಕಿನವರು ಹೇಳಿದ್ದು ಸರಿ.

ತೆರಿಗೆ ಕಾನೂನು ದಿನ ಎಣಿಸುತ್ತದೆ. ಬ್ಯಾಂಕ್ ಖಾತೆಯ ವಿಷಯ ನೋಡುವುದು ಫೆಮಾ ಎಂಬ ವಿದೇಶಿ ವಿನಿಮಯದ ಬೇರೆ ಕಾನೂನು, ಅದು ದಿನ ಎಣಿಸುತ್ತಾ ಕೂರುವುದಿಲ್ಲ. ಕೆಲಸಕ್ಕೆ ಅಂತ ವಿಮಾನ ಹತ್ತಿದ ದಿನದಿಂದಲೇ ನೀವು ಅದರ ಕಣ್ಣಲ್ಲಿ ಅನಿವಾಸಿ. ಹಾಗಾಗಿ 2014ರಲ್ಲೇ ಆ ಹಳೇ ಖಾತೆಯನ್ನು ಎನ್‌ಆರ್‌ಒ (ಬಾಡಿಗೆಯಂಥ ಊರಿನ ಆದಾಯಕ್ಕೆ ಅನಿವಾಸಿ ಇಡುವ ಖಾತೆ) ಮಾಡಿಸಬೇಕಿತ್ತು, ದುಬೈ ದುಡ್ಡಿಗೆ ಎನ್‌ಆರ್‌ಇ ಖಾತೆ ತೆರೆಯಬೇಕಿತ್ತು. ನಿಮಗೆ ಅವತ್ತು ಯಾರೂ ಹೇಳಿಲ್ಲ. ನಮ್ಮ ಕಡೆ ಏಜೆಂಟರು ವೀಸಾ, ಮೆಡಿಕಲ್, ಟಿಕೆಟ್ ಅಂತ ಎಲ್ಲಾ ಹೇಳುತ್ತಾರೆ, ಇದೊಂದನ್ನು ಬಿಟ್ಟು.

ಇದರಿಂದ ನಿಮಗೆ ಆದ ನಷ್ಟ ಎರಡು. ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆಯೇ ಇಲ್ಲ, ಆ ದುಡ್ಡನ್ನು ಯಾವಾಗ ಬೇಕಾದರೂ ವಾಪಸ್ ಹೊರಗೆ ಒಯ್ಯಬಹುದು. ಹಳೇ ಖಾತೆಗೆ ಹೋದ ದುಡ್ಡಿಗೆ ಎರಡೂ ಇಲ್ಲ. 95,000 ಬಡ್ಡಿ ಎನ್‌ಆರ್‌ಇ ಎಫ್‌ಡಿಯಲ್ಲಿ ಬಂದಿದ್ದರೆ ಅದರ ಮೇಲೆ ಯಾರೂ ಒಂದು ರೂಪಾಯಿ ಕಡಿಯುತ್ತಿರಲಿಲ್ಲ.

ದಂಡ ಬೀಳುತ್ತದಾ ಅಂತ ಕೇಳುತ್ತೀರಿ. ಫೆಮಾದಲ್ಲಿ ತಪ್ಪಿನ ಮೊತ್ತದ ಮೂರು ಪಟ್ಟಿನವರೆಗೆ ದಂಡಕ್ಕೆ ಅವಕಾಶ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ಅನುಭವದಲ್ಲಿ, ತಾವಾಗಿಯೇ ಬ್ಯಾಂಕಿಗೆ ಹೋಗಿ ಖಾತೆ ಬದಲಿಸಿದ ಸಂಬಳಗಾರರಿಗೆ ಅದು ಅಲ್ಲಿಗೇ ಮುಗಿದಿದೆ. ಗೊತ್ತಾದ ಮೇಲೂ ವರ್ಷಗಟ್ಟಲೆ ಸುಮ್ನೆ ಕೂತರೆ ನಿಮ್ಮ ಪರ ಹೇಳಲು ಏನೂ ಉಳಿಯುವುದಿಲ್ಲ. ಪಾಸ್‌ಪೋರ್ಟ್, ವೀಸಾ, ಎಮಿರೇಟ್ಸ್ ಐಡಿ, ಪ್ಯಾನ್, ಇವುಗಳ ಪ್ರತಿಯೊಂದಿಗೆ ಈ ತಿಂಗಳೇ ಅರ್ಜಿ ಕೊಡಿ. ಎಫ್‌ಡಿಗಳೂ ಎನ್‌ಆರ್‌ಒ ಆಗಬೇಕು ಅಂತ ಅದರಲ್ಲೇ ಬರೆಯಿರಿ. ಮುಂದಿನ ಸಂಬಳದಿಂದ ದುಡ್ಡು ಎನ್‌ಆರ್‌ಇಗೆ ಹೋಗಲಿ. ಮನೆ ಖರ್ಚಿಗೆ ಅಪ್ಪನ ಖಾತೆಗೋ ಹೆಂಡತಿಯ ಖಾತೆಗೋ ಕಳಿಸಿದರೆ ಅದಕ್ಕೆ ತೆರಿಗೆ ಇಲ್ಲ. ಆದರೆ ನೀವು ಕೊಟ್ಟ ದುಡ್ಡನ್ನು ಹೆಂಡತಿ ಎಫ್‌ಡಿ ಮಾಡಿದರೆ ಅದರ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ.

ಎನ್‌ಆರ್‌ಒ ಮಾಡಿಸಿದ ಮೇಲೆ ನಿಮಗೆ ಒಂದು ಆಘಾತ ಕಾದಿದೆ, ಈಗಲೇ ಹೇಳಿಬಿಡುತ್ತೇನೆ. ಬ್ಯಾಂಕ್ ಎನ್‌ಆರ್‌ಒ ಬಡ್ಡಿಯಲ್ಲಿ ಶೇ. 30 ಮತ್ತು ಸೆಸ್, ಒಟ್ಟು ಶೇ. 31.2 ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿಯುತ್ತದೆ. 95,000ಕ್ಕೆ 29,640 ರೂಪಾಯಿ. ಇದನ್ನು ನೋಡಿ ಎಷ್ಟೋ ಜನ ಖಾತೆ ಬದಲಿಸಿದ್ದೇ ತಪ್ಪಾಯಿತು ಅಂದುಕೊಳ್ಳುತ್ತಾರೆ. ಕಡಿದ ದುಡ್ಡು ಹೋಗಿಲ್ಲ. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ, ಅನಿವಾಸಿಗೂ ಅಷ್ಟೇ. ನಿಮ್ಮದು 2,12,600. ಜುಲೈ 31ರೊಳಗೆ ರಿಟರ್ನ್ ಹಾಕಿದರೆ ಪೂರ್ತಿ ವಾಪಸ್ ಬರುತ್ತದೆ. ಹಾಕಬೇಕಾದದ್ದು ಐಟಿಆರ್-2. ಸಹಜ್ ಅನ್ನುವ ಐಟಿಆರ್-1 ಅನಿವಾಸಿಗಳಿಗೆ ಅಲ್ಲ. ರಿಟರ್ನ್ ಹಾಕದೇ ವರ್ಷ ವರ್ಷ ಈ ದುಡ್ಡು ಬಿಟ್ಟವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಬಿಸಿಲಲ್ಲಿ ದುಡಿದ ದುಡ್ಡು ಅದು.

12 ಲಕ್ಷದವರೆಗೆ ತೆರಿಗೆ ಇಲ್ಲ ಅಂತ ಕೇಳಿರುತ್ತೀರಿ. ಅದು ರಿಯಾಯಿತಿಯಿಂದ ಬರುವುದು, ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಅನಿವಾಸಿಗೆ 4 ಲಕ್ಷದ ಮೇಲೆ ತೆರಿಗೆ ಶುರು. ಇನ್ನೊಂದು ಫ್ಲಾಟ್ ತಗೊಳ್ಳುವ ಯೋಚನೆ ಬಂದರೆ ಇದು ನೆನಪಿರಲಿ.

ಬಾಡಿಗೆಯಲ್ಲೂ ಒಂದು ತೊಡಕಿದೆ. ಮನೆ ಮಾಲೀಕ ಅನಿವಾಸಿಯಾದರೆ ಬಾಡಿಗೆದಾರ ಬಾಡಿಗೆಯಲ್ಲಿ ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಿಮ್ಮ ಫ್ಲಾಟಿನಲ್ಲಿರುವವರಿಗೆ ಇದು ಗೊತ್ತಿರುವ ಸಾಧ್ಯತೆ ಕಡಿಮೆ. ಜವಾಬ್ದಾರಿ ಅವರದ್ದೇ, ಆದರೂ ಅವರಿಗೆ ತಿಳಿಸುವುದು ನ್ಯಾಯ. ನಿಮ್ಮ ಆದಾಯಕ್ಕೆ ತೆರಿಗೆಯೇ ಬರದಿರುವುದರಿಂದ, ಕಡಿಮೆ ಹಿಡಿಯಿರಿ ಅಥವಾ ಹಿಡಿಯಬೇಡಿ ಅನ್ನುವ ಪ್ರಮಾಣಪತ್ರಕ್ಕೆ ತೆರಿಗೆ ಇಲಾಖೆಗೆ ಆನ್‌ಲೈನ್ ಅರ್ಜಿ ಹಾಕಬಹುದು. ಅದಕ್ಕೆ ಮೊದಲು ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ಸ್ಥಿತಿ ಅನಿವಾಸಿ ಅಂತಲೇ ಇದೆಯಾ ನೋಡಿ. ಆಧಾರ್ ಜೋಡಣೆಯ ಗಡುವು 2023ರ ಜೂನ್ 30ಕ್ಕೆ ಮುಗಿದಾಗ, ದಾಖಲೆಯಲ್ಲಿ ನಿವಾಸಿ ಅಂತಲೇ ಉಳಿದಿದ್ದ ಎಷ್ಟೋ ಗಲ್ಫ್ ಮಂದಿಯ ಪ್ಯಾನ್ ನಿಷ್ಕ್ರಿಯ ಆಗಿಹೋಯಿತು.

ಹುಂಡಿ ಬೇಡ. ಈ ವಿಷಯದಲ್ಲಿ ನಾನು ಎರಡು ಕಡೆಯ ವಾದ ಇಡುವುದಿಲ್ಲ. ಅದು ಕಾನೂನಿಗೆ ವಿರುದ್ಧ ಅನ್ನುವುದು ಒಂದು ಮಾತು. ಅದಕ್ಕಿಂತ ಹತ್ತಿರದ ಅಪಾಯ ಇನ್ನೊಂದಿದೆ. ನಿಮ್ಮ ಹೆಂಡತಿಯ ಖಾತೆಗೆ ಬೀಳುವ ಆ ದುಡ್ಡು ಯಾರೋ ಗುರುತಿಲ್ಲದವರ ಖಾತೆಯಿಂದ ಬರುತ್ತದೆ. ಅದು ಆನ್‌ಲೈನ್ ಮೋಸದ ದುಡ್ಡಾಗಿದ್ದರೆ, ಬೇರೆ ಯಾವುದೋ ರಾಜ್ಯದ ಪೊಲೀಸರ ಸೂಚನೆ ಮೇಲೆ ಬ್ಯಾಂಕ್ ಖಾತೆಯನ್ನು ತಡೆಹಿಡಿಯುತ್ತದೆ. ಮಕ್ಕಳ ಫೀಸ್ ಕಟ್ಟಬೇಕಾದ ವಾರದಲ್ಲಿ ಎಟಿಎಂ ಕಾರ್ಡ್ ಕೆಲಸ ಮಾಡುವುದಿಲ್ಲ. ದುಡ್ಡು ನಿಮ್ಮ ದುಡಿಮೆಯದ್ದೇ ಅಂತ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. 2,000 ದಿರಹಂ ಕಳಿಸಿದರೆ ಹುಂಡಿಯಲ್ಲಿ ಹೆಚ್ಚಿಗೆ ಸಿಗುವುದು 600 ರೂಪಾಯಿ.

ಅದರ ಬದಲು ಎರಡು ಮೂರು ಎಕ್ಸ್‌ಚೇಂಜ್‌ಗಳ ರೇಟ್ ಕೇಳಿ. ಶುಲ್ಕವನ್ನೂ ಸೇರಿಸಿ, ಊರಲ್ಲಿ ಕೈಗೆ ಎಷ್ಟು ಸಿಗುತ್ತದೆ ಅಂತ ಹೋಲಿಸಿ. ದಿರಹಂ 1997ರಿಂದ ಡಾಲರ್‌ಗೆ 3.6725ರ ಲೆಕ್ಕದಲ್ಲಿ ಕಟ್ಟಿಕೊಂಡಿದೆ. ಡಾಲರ್ ಏರಿದರೆ ದಿರಹಂ ಏರುತ್ತದೆ, ಅಷ್ಟೇ. ಇನ್ನೂ ಏರಲಿ ಅಂತ ಕ್ರೆಡಿಟ್ ಕಾರ್ಡಿನ ಬಾಕಿ ಬಿಟ್ಟು ದುಡ್ಡು ಹಿಡಿದಿಟ್ಟುಕೊಂಡವರಿಗೆ ಲಾಭವಾದದ್ದನ್ನು ನಾನು ಕಂಡಿಲ್ಲ.

ದಿನನಿತ್ಯಕ್ಕೆ ಬೇಕಾದ ಸಣ್ಣ ವಿಷಯ ಒಂದು. ಊರಿನ ಸಿಮ್‌ಗೆ ರೀಚಾರ್ಜ್ ತಪ್ಪಿ ನಂಬರ್ ಹೋದರೆ ಬ್ಯಾಂಕಿನ ಒಟಿಪಿಯೂ ಹೋಯಿತು. ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಯುಎಇ ನಂಬರಿನಲ್ಲೇ ಯುಪಿಐ ಮಾಡಿಕೊಳ್ಳಲು ಈಗ ಅವಕಾಶ ಇದೆ. ಅರ್ಜಿ ಕೊಡುವಾಗ ಆ ನಂಬರನ್ನೇ ಕೊಡಿ.

ಇನ್ನು ಗ್ರಾಚ್ಯುಟಿ. ನೀವು ಕಳಿಸಿದ ಸಂಬಳದ ಚೀಟಿ ನೋಡಿದೆ. ಬೇಸಿಕ್ 3,000. ಮನೆ ಭತ್ಯೆ 2,500. ಓಡಾಟಕ್ಕೆ 800. ಇತರೆ 1,200. ಕೂಡಿದರೆ 7,500. ನೀವು ಮನಸ್ಸಲ್ಲಿ ಲೆಕ್ಕ ಹಾಕಿರುವುದು 7,500ರ ಮೇಲೆ. ಗ್ರಾಚ್ಯುಟಿ ಬರುವುದು ಬೇಸಿಕ್ ಮೇಲೆ ಮಾತ್ರ.

ಯುಎಇ ಕಾನೂನಿನಲ್ಲಿ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ನಿಮ್ಮ ಬೇಸಿಕ್ ದಿನಕ್ಕೆ 100 ದಿರಹಂ. ಹನ್ನೊಂದು ವರ್ಷಕ್ಕೆ ಹಿಡಿದರೆ ಮೊದಲ ಐದಕ್ಕೆ 105 ದಿನ, ಉಳಿದ ಆರಕ್ಕೆ 180 ದಿನ. ಒಟ್ಟು 285 ದಿನ, 28,500 ದಿರಹಂ. ಅದೇ 7,500 ಸಂಬಳದಲ್ಲಿ ಬೇಸಿಕ್ 5,000 ಇದ್ದಿದ್ದರೆ 47,500 ಆಗುತ್ತಿತ್ತು. ತಿಂಗಳ ಸಂಬಳ ಒಂದೇ, ಕೊನೆಗೆ 19,000 ದಿರಹಂ ವ್ಯತ್ಯಾಸ. ಅಮ್ಮನ ಆಪರೇಷನ್ ಸಮಯದಲ್ಲಿ ತೆಗೆದುಕೊಂಡ ಸಂಬಳವಿಲ್ಲದ ರಜೆಯ ದಿನಗಳೂ ಸೇವೆಗೆ ಸೇರುವುದಿಲ್ಲ. ಅಂಥ ದಿನ 100 ಇದ್ದರೆ ಇನ್ನೊಂದು 800 ದಿರಹಂನಷ್ಟು ಕಡಿಮೆ. ಬಾಕಿ ಉಳಿದ ವಾರ್ಷಿಕ ರಜೆಗೂ ದುಡ್ಡು ಬರುತ್ತದೆ, ಅದೂ ಬೇಸಿಕ್ ಲೆಕ್ಕದಲ್ಲೇ.

ಕಂಪನಿಗೆ ಹೋಗಿ ಬೇಸಿಕ್ ಹೆಚ್ಚಿಸಿ ಅಂದರೆ ಒಪ್ಪುವುದು ಕಷ್ಟ. ಆದರೆ ಲೆಕ್ಕ ಹಾಕುವುದು ಕೊನೆಯಲ್ಲಿದ್ದ ಬೇಸಿಕ್ ಮೇಲೆ. ಮುಂದಿನ ಇನ್‌ಕ್ರಿಮೆಂಟ್ ಬರುವಾಗ, ಇಲ್ಲವೇ ಕಾಂಟ್ರ್ಯಾಕ್ಟ್ ನವೀಕರಣವಾಗುವಾಗ, ಹೆಚ್ಚಾದ ಮೊತ್ತವನ್ನಾದರೂ "ಇತರೆ"ಗೆ ಹಾಕದೆ ಬೇಸಿಕ್‌ಗೆ ಸೇರಿಸಿ ಅಂತ ಕೇಳಬಹುದು. 500 ಏರಿದರೂ ನಿಮಗೆ 4,750 ದಿರಹಂ ಜಾಸ್ತಿ. ಕಾರ್ಮಿಕ ಸಚಿವಾಲಯದ ಆ್ಯಪ್‌ನಲ್ಲಿ ದಾಖಲಾದ ಕಾಂಟ್ರ್ಯಾಕ್ಟ್ ತೆರೆದು, ಅಲ್ಲಿರುವ ಬೇಸಿಕ್ಕೂ ಚೀಟಿಯಲ್ಲಿರುವುದೂ ಒಂದೇನಾ ಅಂತ ಇವತ್ತೇ ನೋಡಿ.

ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ ಅರ್ಧ ಆಗುತ್ತದೆ ಅಂತ ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅಂಥ ಕಡಿತ ಹಳೇ ಕಾನೂನಿನಲ್ಲಿತ್ತು. 2022ರ ಫೆಬ್ರವರಿ 2ರಿಂದ ಜಾರಿಗೆ ಬಂದ ಕಾನೂನಿನಲ್ಲಿ, ಒಂದು ವರ್ಷ ಮುಗಿಸಿದವರು ತಾವೇ ಬಿಟ್ಟರೂ ಅದು ಕಡಿತವಾಗುವುದಿಲ್ಲ. ನೋಟಿಸ್ ಅವಧಿ ಮಾತ್ರ ಪೂರ್ತಿ ಮಾಡಿ. ಕೆಲಸ ಮುಗಿದ 14 ದಿನದೊಳಗೆ ಕಂಪನಿ ಎಲ್ಲಾ ಬಾಕಿ ಕೊಡಬೇಕು. ನಿಮಗೆ ಅಲ್ಲಿ ಬ್ಯಾಂಕ್ ಸಾಲ ಇದ್ದರೆ ಮೊದಲೇ ಮಾತಾಡಿಕೊಳ್ಳಿ. ಕೊನೆಯ ಸೆಟಲ್‌ಮೆಂಟ್ ಖಾತೆಗೆ ಬಿದ್ದ ಕೂಡಲೇ ಬ್ಯಾಂಕ್ ಅದನ್ನು ತಡೆಹಿಡಿಯುವುದುಂಟು.

ನಿರುದ್ಯೋಗ ವಿಮೆ ಕಟ್ಟುತ್ತಿದ್ದೀರಾ? 2023ರಿಂದ ಕಡ್ಡಾಯ, ನಿಮ್ಮ ಸಂಬಳಕ್ಕೆ ತಿಂಗಳಿಗೆ 5 ದಿರಹಂ. ಕಂಪನಿಯೇ ತೆಗೆದುಹಾಕಿದರೆ ಬೇಸಿಕ್‌ನ ಶೇ. 60, ಅಂದರೆ 1,800 ದಿರಹಂ, ಮೂರು ತಿಂಗಳವರೆಗೆ ಸಿಗುತ್ತದೆ. ನೀವಾಗಿ ಬಿಟ್ಟರೆ ಸಿಗುವುದಿಲ್ಲ.

ಇನ್ನು ತೋಟದ ಆಸೆ. ಈಗ ಕರ್ನಾಟಕದಲ್ಲಿ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತ ನಿಮಗೆ ಹೇಳಿರುತ್ತಾರೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ರಾಜ್ಯದ ಕಾನೂನಿನಲ್ಲಿ ಆ ಮಾತು ಸರಿ. ಆದರೆ ಅನಿವಾಸಿಯ ಮೇಲೆ ಫೆಮಾ ಇದೆ. ಅನಿವಾಸಿ ಮನೆ, ಫ್ಲಾಟ್, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಪ್ಪನಿಂದ ಪಾಲಾಗಿ ಬಂದ ಗದ್ದೆ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಯಾರೂ ನಿಮ್ಮ ವೀಸಾ ಕೇಳದೆ ನೋಂದಣಿ ಆಗಿಬಿಡಬಹುದು, ಆದರೆ ತೊಡಕು ಏಳುವುದು ಮಾರುವಾಗ ಅಥವಾ ಸಾಲ ಕೇಳುವಾಗ. ಹೆಂಡತಿ ಊರಲ್ಲೇ ಇರುವ ನಿವಾಸಿ, ಅವರ ಹೆಸರಲ್ಲಿ ಕೊಳ್ಳಲು ಈ ತಡೆ ಇಲ್ಲ. ಜಮೀನು ಮಾತ್ರ ಆಗ ನಿಜವಾಗಿಯೂ ಅವರದ್ದೇ, ಕಾಗದದಲ್ಲೂ ಹಕ್ಕಿನಲ್ಲೂ. ಇಲ್ಲವೇ ನೀವು ವಾಪಸ್ ಬಂದು ನೆಲೆಸುವವರೆಗೆ ತಾಳಿಕೊಳ್ಳಿ. ವರ್ಷದಲ್ಲಿ ಬರುವವರಿದ್ದೀರಿ, ನಾನು ನಿಮ್ಮ ಜಾಗದಲ್ಲಿದ್ದರೆ ತಾಳುತ್ತಿದ್ದೆ. ಈಗ ಅಡ್ವಾನ್ಸ್ ಕೊಟ್ಟು ಕರಾರು ಬರೆಸಬೇಡಿ.

ಪೂರ್ತಿ ವಾಪಸ್ ಬರುವ ವರ್ಷದ್ದು ಒಂದು ಲೆಕ್ಕ ಬಾಕಿ ಇದೆ. ಸುಮ್ನೆ ರಜೆಗೆ ಬಂದು ಹೋಗುವವರಿಗೆ 182 ದಿನ. ಕೆಲಸ ಬಿಟ್ಟು ಬರುವವರಿಗೆ ಇನ್ನೊಂದು ಅಳತೆಯೂ ಇದೆ. ಆ ವರ್ಷ 60 ದಿನ ಇಲ್ಲಿದ್ದು, ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೆ ನಿವಾಸಿ. ನಿಮ್ಮದು 143ರ ಜೊತೆ ಮೂರು ವರ್ಷದ 45-45 ಸೇರಿಸಿದರೂ 278. ಹಾಗಾಗಿ ನಿಮಗೆ 182ರದ್ದೇ ಲೆಕ್ಕ. ಅದು ದಾಟಿದರೂ ಮೊದಲೇ ಹೇಳಿದ ಆರ್‌ಎನ್‌ಒಆರ್ ಸ್ಥಾನ ಇದೆ. ಊರಿಗೆ ಬಂದು ನೆಲೆಸಿದ ಮೇಲೆ ಎನ್‌ಆರ್‌ಇ ಖಾತೆಯನ್ನು ಮಾಮೂಲಿ ಖಾತೆಗೆ ಬದಲಿಸಬೇಕು, ಅಲ್ಲಿಂದ ಮುಂದೆ ಅದರ ಬಡ್ಡಿಗೆ ತೆರಿಗೆ ಇದೆ.

ಹಾಗಾಗಿ ಟಿಕೆಟ್ ಯಾವ ತಿಂಗಳು ತೆಗೆಯುವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಮಕ್ಕಳ ಶಾಲೆ, ಅಮ್ಮನ ಆರೋಗ್ಯ ನೋಡಿ ನಿರ್ಧರಿಸಿ. ಗ್ರಾಚ್ಯುಟಿ ಮಾತ್ರ ದುಬೈ ಖಾತೆಗೇ ಬೀಳಲಿ. ಊರಿನ ಖಾತೆಗೆ ಹಾಕುತ್ತೇವೆ, ನೀವು ಹೊರಡಿ ಅಂತ ಕಂಪನಿಯವರು ಹೇಳಿದರೆ ಒಪ್ಪಬೇಡಿ. ದುಡ್ಡು ಬಂದದ್ದನ್ನು ನೋಡಿ, ಅಲ್ಲಿಂದ ನೀವೇ ಎನ್‌ಆರ್‌ಇಗೆ ಕಳಿಸಿ, ರಸೀದಿಯ ಫೋಟೋ ತೆಗೆದುಕೊಂಡು ಆಮೇಲೆ ವಿಮಾನ ಹತ್ತಿ.